ಗೇಟಲ್ಲಿ "ಊದು" ಅಂದ್ರೆ ಎಂತ ಮಾಡೂದು? ಕೆಲಸದ ಜಾಗದ ಎಣ್ಣೆ-ಡ್ರಗ್ ಟೆಸ್ಟ್ ಬಗ್ಗೆ ನಮ್ಮ ಬದಿಯವ್ರಿಗೆ

ನಮ್ಮ ಉತ್ತರ ಕನ್ನಡದ ಬದೀಲಿ ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನ್ ಬಂದ್ರೆ ಒಂದಾ ಯಾರೋ ತೀರ್ಕಂಡ್ರು ಅಂತ, ಇಲ್ಲಾ ಬಸ್ ತಪ್ಪಿತು ಬೈಕ್ ಕೊಡು ಅಂತ. ಮೊನ್ನೆ ಸೋಮವಾರ ಬಂದದ್ದು ಎರಡೂ ಅಲ್ಲ. ನಮ್ಮ ಕೇರಿ ಹುಡುಗ, ಒಂದು ಕಡೆ ಕಾಂಟ್ರಾಕ್ಟಲ್ಲಿ ಫಿಟ್ಟರ್, ಹಿಂದಿನ ರಾತ್ರಿ ಅವನ ದೋಸ್ತನ ಮದುವೆ ಮೆಹೆಂದಿ ಮುಗಿಸ್ಕಂಡು ಹಂಗೇ ಡ್ಯೂಟಿಗೆ ಹೋದವ.

"ಅಣ್ಣಾ, ಗೇಟಲ್ಲಿ ಊದ್ಸಿದ್ರು. 0.16 ಬಂದಿದೆ. 0.30 ತನಕ ಅಡ್ಡಿಲ್ಲ ಅಲ್ವಾ? ಇವ್ರು ಒಂದು ಕಾಗದಕ್ಕೆ ಸೈ ಹಾಕು ಅಂತಿದ್ದಾರೆ, ಹಾಕ್ಲಾ?"

"ಕಾಗದದಲ್ಲಿ ಎಂತ ಬರ್ದಿದೆ?"

"ಇಂಗ್ಲಿಷಲ್ಲಿದೆ. ಅರ್ಧ ಖಾಲಿನೇ ಇದೆ."

ಆ ಕಾಗದ ಹೆಂಗಿರ್ತದೆ ಅಂತ ನಂಗೆ ಬಾಯಿಪಾಠ. ಯಾಕಂದ್ರೆ ಹನ್ನೊಂದು ವರ್ಷ ಒಬ್ಬ ಕಾಂಟ್ರಾಕ್ಟರ್ ಹತ್ರ ಟೈಂ ಆಫೀಸಲ್ಲಿದ್ದಾಗ ಅಂಥ ಕಾಗದ ಟೈಪ್ ಮಾಡಿ ಇಡೂದು ನನ್ನದೇ ಕೆಲ್ಸ, ನಂಬರ್ ಜಾಗ ಖಾಲಿ, ಟೈಮ್ ಜಾಗ ಖಾಲಿ, ಕೆಳಗೆ "ನಾನು ತಪ್ಪು ಒಪ್ಪಿಕೊಂಡಿದ್ದೇನೆ" ಅನ್ನೂದು ಮಾತ್ರ ಮೊದಲೇ ಪ್ರಿಂಟ್. ಎಷ್ಟು ಜನ ಅದಕ್ಕೆ ಸೈ ಹಾಕಿ ಮನೆಗೆ ಹೋದ್ರೋ, ಹೋದವ್ರು ಎಷ್ಟು ಜನ ತಿರುಗಿ ಬರ್ಲೇ ಇಲ್ವೋ. ನಾ ವಕೀಲ ಅಲ್ಲ, ಆದ್ರೆ ಮೇಜಿನ ಆ ಬದಿ ಕೂತವ, ಹಂಗಾಗಿ ಎಲ್ಲಿ ಎಡವ್ತಾರೆ ಅಂತ ಗೊತ್ತುಂಟು. ಮಶಿನ್ ಒಂದು ನಂಬರ್ ಹೇಳ್ತದೆ ಅಷ್ಟೇ, ಕೆಲ್ಸ ಹೋಗೂದು ಉಳಿಯೂದು ಆಮೇಲಿನ ಅರ್ಧ ಗಂಟೇಲಿ ಆಗೂ ಕಾಗದಪತ್ರದಿಂದ. ಅದನ್ನೇ ಬರೀತಾ ಇದ್ದೇನೆ.

ಮೊದಲು, ಕಾನೂನು ಅಂತ ಉಂಟಾ?

ಕರ್ನಾಟಕದಲ್ಲಿ ಖಾಸಗಿ ಕಂಪನಿಯವ್ರು ಕೆಲಸಗಾರರನ್ನ ಹಿಂಗೇ ಟೆಸ್ಟ್ ಮಾಡ್ಬೇಕು ಅಂತ ಪ್ರತ್ಯೇಕ ಕಾನೂನು ಇಲ್ಲ. ದಿಲ್ಲಿಯಿಂದ ಬಂದದ್ದೂ ಇಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಪೂರಾ ಓದಿದ್ರೂ ಊದಿಸೂ ಮಶಿನ್ ಸಿಗೂದಿಲ್ಲ. ಹಂಗಂತ ಟೆಸ್ಟ್ ಮಾಡ್ಲೇಬಾರ್ದು ಅಂತಲೂ ಎಲ್ಲೂ ಬರ್ದಿಲ್ಲ. ಹಂಗಾಗಿ ಅಪಾಯಿಂಟ್‌ಮೆಂಟ್ ಲೆಟರ್, ಕಂಪನಿ ಪಾಲಿಸಿ, ಸ್ಟ್ಯಾಂಡಿಂಗ್ ಆರ್ಡರ್ (ಕೆಲಸ, ಶಿಸ್ತಿನ ಬಗ್ಗೆ ಕಂಪನಿಯ ಲಿಖಿತ ನಿಯಮ), ಈ ಮೂರರಲ್ಲಿ ಎಂತ ಬರ್ದಿದ್ಯೋ ಅದೇ ಕಾನೂನಿನ ಹಂಗೆ ನಡೀತದೆ. ಕುಡಿದು ಬಂದು ಗಲಾಟೆ ಮಾಡೂದು ಶಿಸ್ತಿನ ಉಲ್ಲಂಘನೆ ಅಂತ ಸ್ಟ್ಯಾಂಡಿಂಗ್ ಆರ್ಡರಲ್ಲಿ ಹಳೇ ಕಾಲದಿಂದ ಇದೆ, 1946ರ ಕಾಯ್ದೆ ಅದು. ಆ ಕಾಯ್ದೇಲೇ ಇನ್ನೊಂದು ಒಳ್ಳೆ ಮಾತಿತ್ತು, ನಿಯಮಗಳನ್ನ ಇಂಗ್ಲಿಷಲ್ಲೂ, ಹೆಚ್ಚಿನ ಕೆಲಸಗಾರರಿಗೆ ಅರ್ಥ ಆಗೂ ಭಾಷೇಲೂ ಗೇಟಿನ ಹತ್ರ ಬೋರ್ಡಿಗೆ ಹಾಕ್ಬೇಕು ಅಂತ. ಕನ್ನಡದಲ್ಲಿ ತೋರ್ಸಿ ಅಂತ ಕೇಳೂಕೆ ನಾಚಿಕೆ ಬೇಡ. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಲೇಬರ್ ಕೋಡ್ ಜಾರಿಗೆ ಬಂದ್ಮೇಲೆ ಸ್ಟ್ಯಾಂಡಿಂಗ್ ಆರ್ಡರ್ ಕಡ್ಡಾಯ ಇರೂದು 300 ಅಥ್ವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರೂ ಕಂಪನಿಗೆ ಮಾತ್ರ. ಅಂದ್ರೆ ನಮ್ಮ ಜಿಲ್ಲೆಯ ಸಣ್ಣಪುಟ್ಟ ಕಂಪನಿಗಳಲ್ಲಿ ಅಪಾಯಿಂಟ್‌ಮೆಂಟ್ ಲೆಟರೇ ಗತಿ. ಇವತ್ತೇ ತೆಗೆದು ಓದಿ. ಅದೂ ಇಲ್ಲ ಅಂದ್ರೆ ಮೊದಲು ಅದನ್ನ ಕೇಳಿ ತಗಳಿ.

ಕಾನೂನೇ ಕಡ್ಡಾಯವಾಗಿ ಹೇಳೂ ಕೆಲಸ ಕೆಲವು ಬೇರೆ ಇವೆ. ವಿಮಾನದ ಪೈಲಟ್, ಕ್ಯಾಬಿನ್ ಸಿಬ್ಬಂದಿ ಹಾರೂಕೆ 12 ಗಂಟೆ ಮೊದಲಿಂದ ಮುಟ್ಟೂ ಹಂಗಿಲ್ಲ, ಊದಿದಾಗ ಸೊನ್ನೆನೇ ಬರ್ಬೇಕು, ಪೈಲಟ್ ಮೊದಲ ಸಲ ಸಿಕ್ಕಿದ್ರೆ 3 ತಿಂಗಳು ಲೈಸನ್ಸ್ ಸಸ್ಪೆಂಡು, ಎರಡನೇ ಸಲ 3 ವರ್ಷ, ಮೂರನೇದಕ್ಕೆ ರದ್ದು. ರೈಲ್ವೇಲಿ ಲೋಕೋ ಪೈಲಟ್ ಡ್ಯೂಟಿಗೆ ಸೈನ್ ಆನ್ ಮಾಡುವಾಗ ಊದ್ಬೇಕು. ಇನ್ನು ರಸ್ತೆ ಮೇಲಿನ ಡ್ರೈವರಿಗೆ 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್, 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು. ಮೊದಲ ಸಲಕ್ಕೆ 6 ತಿಂಗಳ ತನಕ ಜೈಲು ಅಥ್ವಾ 10,000 ರೂಪಾಯಿ ದಂಡ ಅಥ್ವಾ ಎರಡೂ, ಮತ್ತೆ ಸಿಕ್ಕಿದ್ರೆ 2 ವರ್ಷದ ತನಕ ಜೈಲು ಅಥ್ವಾ 15,000 ದಂಡ ಅಥ್ವಾ ಎರಡೂ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ದಿನಾ ಹತ್ತಿ ಇಳಿಸೂ ಲಾರಿ, ಟೆಂಪೋ, ಮ್ಯಾಕ್ಸಿಕ್ಯಾಬ್‌ನವ್ರಿಗೆ ಇದು ಡ್ಯೂಟಿ ನಿಯಮನೂ ಹೌದು ಪೊಲೀಸ್ ಕೇಸೂ ಹೌದು. 185ರಲ್ಲಿ ಅರೆಸ್ಟ್ ಮಾಡಿದ್ರೆ 2 ಗಂಟೆ ಒಳಗೆ ಮೆಡಿಕಲ್ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಬಿಡ್ಬೇಕು, ಇದು ಬಹಳ ಡ್ರೈವರಿಗೆ ಗೊತ್ತೇ ಇಲ್ಲ.

ಊದು ಅಂದಾಗ

ಊದೂದಿಲ್ಲ ಅಂತ ಹಟ ಮಾಡ್ಬೇಡಿ. ಹುಡುಗ್ರು ಇಲ್ಲೇ ಮೊದಲು ಎಡವೂದು. ಹೆಚ್ಚಿನ ಕಂಪನಿ ಪಾಲಿಸೀಲಿ ನಿರಾಕರಿಸಿದ್ರೆ ಪಾಸಿಟಿವ್ ಅಂತಲೇ ಬರ್ಕಂತಾರೆ. ಪೊಲೀಸರ ಮುಂದೆ ಸಕಾರಣ ಇಲ್ದೆ ನಿರಾಕರಿಸಿದ್ರೆ ಅದನ್ನ ಕೋರ್ಟಲ್ಲಿ ನಿಮ್ಮ ವಿರುದ್ಧ ಬಳಸೂಕೆ ಕಾಯ್ದೇಲೇ ಅವಕಾಶ ಇದೆ. ಊದಿ, ಆದ್ರೆ ಕಣ್ಣು ಬಿಟ್ಕಂಡು ಊದಿ.

ಕಣ್ಣು ಬಿಟ್ಕಂಡು ಅಂದ್ರೆ, ಮಶಿನ್ ಆನ್ ಮಾಡಿದಾಗ ನೀವು ಊದೂಕೆ ಮೊದಲು ಸೊನ್ನೆ ತೋರಿಸ್ತದಾ ನೋಡಿ, ಹಿಂದಿನವ ಊದಿದ ಗಾಳಿ ಒಳಗೇ ಉಳ್ದಿದ್ರೆ ಅವನ ಪಾಪ ನಿಮ್ಮ ತಲೆಗೆ ಬರ್ತದೆ. ಬಾಯಿಗೆ ಇಡೂ ನಳಿಗೆ ಹೊಸದಾ ಕೇಳಿ. ಮಶಿನ್ ಹಿಂದೆ ಒಂದು ಸ್ಟಿಕ್ಕರ್ ಇರ್ತದೆ, ಕ್ಯಾಲಿಬ್ರೇಶನ್ (ಮಶಿನ್ ಸರಿ ನಂಬರ್ ತೋರಿಸ್ತದಾ ಅಂತ ನೋಡಿ ಸರಿಮಾಡೂದು) ಯಾವಾಗ ಆಗಿದ್ದು, ಮುಂದೆ ಯಾವಾಗ ಆಗ್ಬೇಕು ಅಂತ. ತಾರೀಕು ದಾಟಿದ್ರೆ ಅಲ್ಲೇ ಬಾಯಿ ಬಿಟ್ಟು ಹೇಳಿ, ನಾಲ್ಕು ಜನ ಕೇಳೂ ಹಂಗೆ. ನಾನಿದ್ದ ಕಡೆ ಒಂದು ಮಶಿನಿನ ತಾರೀಕು ದಾಟಿ ಹತ್ತಿರ ಹತ್ತಿರ ವರ್ಷ ಆಗಿತ್ತು, ಅದರಲ್ಲೇ ದಿನಾ ಊದಿಸ್ತಿದ್ರು, ಒಬ್ಬನೂ ತಿರುಗಿಸಿ ನೋಡ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಹೇಳ್ತಾ ಇದ್ದೇನೆ.

ನಂಬರ್ ಬಂತಾ, ಆಗ ಕೂಗಾಡ್ಬೇಡಿ. "ಸರ್, ಬಾಯಿ ತೊಳ್ಕಂಡು 15-20 ನಿಮಿಷ ಬಿಟ್ಟು ಇನ್ನೊಂದು ಸಲ ಊದ್ತೇನೆ, ಎರಡೂ ನಂಬರ್ ಬರ್ಕಳಿ" ಅಂತ ಕೇಳಿ. ಈ ಎರಡನೇ ಊದುವಿಕೆ ಬಹಳ ಮುಖ್ಯ. ಬಾಯಲ್ಲಿ ಉಳಿದ ಆಲ್ಕೋಹಾಲ್ ಆದ್ರೆ ಅಷ್ಟರೊಳಗೆ ಆರಿ ಹೋಗ್ತದೆ, ರಕ್ತದಲ್ಲಿ ಇದ್ದದ್ದಾದ್ರೆ ಹೋಗೂದಿಲ್ಲ. ಬಾಯಿ ತೊಳೆಯೂದು ಬರೀ ನೀರಲ್ಲಿ, ಮೌತ್‌ವಾಶಲ್ಲಿ ಅಲ್ಲ, ಅದರಲ್ಲೂ ಕೆಲವಕ್ಕೆ ಆಲ್ಕೋಹಾಲ್ ಇರ್ತದೆ, ಬೆಂಕಿ ಆರ್ಸೂಕೆ ಸೀಮೆಎಣ್ಣೆ ಹೊಯ್ದ ಹಂಗೆ ಆಗ್ತದೆ.

ಕಾಗದಕ್ಕೆ ಸೈ ಹಾಕೂ ವಿಷಯ. ಖಾಲಿ ಜಾಗ ಇದ್ರೆ ಹಾಕ್ಬೇಡಿ, ಇಲ್ಲಾ ಖಾಲಿ ಜಾಗಕ್ಕೆಲ್ಲ ಅಡ್ಡ ಗೀಟು ಎಳೆದು ಹಾಕಿ. ತಪ್ಪೊಪ್ಪಿಗೆ ಸಾಲು ಇದ್ರೆ ಅದರ ಕೆಳಗೆ ಕನ್ನಡದಲ್ಲೇ ಬರೀರಿ, "ಟೆಸ್ಟ್ ನಡೆದಿದ್ದು ನಿಜ, ತಪ್ಪು ಒಪ್ಪಿಲ್ಲ, ಎರಡನೇ ಟೆಸ್ಟ್ ಕೇಳಿದ್ದೇನೆ", ಟೈಮ್, ತಾರೀಕು, ಆಮೇಲೆ ಸೈ. ಕನ್ನಡದಲ್ಲಿ ಬರೆದದ್ದು ನಡೀತದಾ ಅಂದ್ರೆ ಧಾರಾಳ ನಡೀತದೆ. ಮೊಬೈಲ್ ಒಳಗೆ ಬಿಡೂ ಜಾಗ ಆದ್ರೆ ಮಶಿನ್ ಡಿಸ್ಪ್ಲೇಯದ್ದು, ಸ್ಟಿಕ್ಕರಿನದ್ದು, ಕಾಗದದ್ದು ಒಂದೊಂದು ಫೋಟೋ. ಬಿಡೂದಿಲ್ಲ ಅಂದ್ರೆ ಗೇಟ್ ಹೊರಗೆ ಬಂದ ಕೂಡ್ಲೆ ಹೆಂಡ್ತಿಗೋ ತಮ್ಮನಿಗೋ ವಾಟ್ಸಾಪಲ್ಲಿ ಎಲ್ಲಾ ಟೈಪ್ ಮಾಡಿ ಕಳ್ಸಿ, ಟೈಮ್ ಅದರಲ್ಲೇ ದಾಖಲಾಗ್ತದೆ.

ಅಲ್ಲಿಂದ ಸೀದಾ ಡಾಕ್ಟ್ರ ಹತ್ರ. ಕುಡ್ದೇ ಇಲ್ಲ ಅಂತಾದ್ರೆ ಅದೇ ಗಂಟೇಲಿ ಹೋಗ್ಬೇಕು, ಮಧ್ಯಾಹ್ನ ಊಟ ಮಾಡಿ ಮಲಗಿ ಸಾಯಂಕಾಲ ಹೋದ್ರೆ ಆ ಚೀಟಿಗೆ ಬೆಲೆ ಇಲ್ಲ. ಸರ್ಕಾರಿ ಆಸ್ಪತ್ರೇಲಿ ಪೊಲೀಸ್ ಪತ್ರ ಇಲ್ದೆ ರಕ್ತದ ಆಲ್ಕೋಹಾಲ್ ಟೆಸ್ಟ್ ಮಾಡ್ಸೂದು ಕಷ್ಟ ಆಗ್ಬಹುದು, ಆದ್ರೆ ಒಪಿಡಿ ಚೀಟಿ ಮಾಡ್ಸಿ ಡಾಕ್ಟ್ರಿಗೆ ತೋರ್ಸಿದ್ರೆ ಮಾತು ಸರಿ ಇದೆ, ನಡಿಗೆ ಸರಿ ಇದೆ ಅಂತ ಟೈಮ್ ಸಮೇತ ಬರ್ದು ಕೊಡಿ ಅಂತ ಕೇಳ್ಬಹುದು. ಖಾಸಗಿ ಲ್ಯಾಬಲ್ಲಿ ಎಥನಾಲ್ ಟೆಸ್ಟ್ ಮಾಡ್ತಾರಾ ವಿಚಾರಿಸಿ, ಮಾಡಿದ್ರೆ ಬಿಲ್ ಇಟ್ಕಳಿ.

0.16 ಅಂದ್ರೆ ಎಷ್ಟು?

ನಮ್ಮ ಹುಡುಗ 0.16ನ್ನ 0.30ರ ಜೊತೆ ಹೋಲಿಸ್ಕಂಡು ಖುಷಿಯಾಗಿದ್ದ. ತಪ್ಪು ಅಲ್ಲೇ. ಮಶಿನ್‌ಗಳಲ್ಲಿ ಮೂರು ಬಗೆ ಲೆಕ್ಕ ಇದೆ. ಕೆಲವು 100 ಎಂಎಲ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಅಂತ ಹೇಳ್ತವೆ, ಅದರಲ್ಲಿ ಮಿತಿ 30. ಕೆಲವು ಪರ್ಸೆಂಟ್ ಹೇಳ್ತವೆ, ಅದರಲ್ಲಿ ಅದೇ ಮಿತಿ 0.03. ಇನ್ನು ಕೆಲವು ಒಂದು ಲೀಟರ್ ಉಸಿರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸ್ತವೆ, ಅದರಲ್ಲಿ ಮಿತಿ ಹತ್ತಿರ ಹತ್ತಿರ 0.14. ಉಸಿರಿನ ಲೆಕ್ಕವನ್ನ 210ರಿಂದ ಗುಣಿಸಿದ್ರೆ ರಕ್ತದ ಮಿಲಿಗ್ರಾಂ ಸಿಗ್ತದೆ. ಅವನ ಮಶಿನ್ ಉಸಿರಿನದ್ದು, ಹಂಗಾಗಿ 0.16 ಅಂದ್ರೆ ರಕ್ತದಲ್ಲಿ 33-34, ಮಿತಿ ದಾಟಿದೆ. ನಂಬರ್ ನೋಡೂಕೆ ಮೊದಲು ನಂಬರಿನ ಪಕ್ಕ ಎಂತ ಬರ್ದಿದೆ ನೋಡಿ. ಮತ್ತೆ 30 ಅನ್ನೂದು ರಸ್ತೆಯ ಮಿತಿ, ಕಂಪನಿಯವ್ರು ಪಾಲಿಸೀಲಿ ಸೊನ್ನೆ ಅಂತ ಬರ್ಕಂಡಿದ್ರೆ ಅಲ್ಲಿ 5 ಬಂದ್ರೂ ಬಂತೇ.

"ರಾತ್ರಿ ಕುಡಿದಿದ್ದು ಬೆಳಿಗ್ಗೆ ಹೆಂಗೆ ಬಂತು" ಅಂತ ಎಲ್ರೂ ಕೇಳೂದು. ಲೆಕ್ಕ ಹಾಕುವ. ಒಂದು ಕ್ವಾರ್ಟರ್ ವಿಸ್ಕಿ ಅಂದ್ರೆ 180 ಎಂಎಲ್, ಬಾಟ್ಲಿ ಮೇಲೆ 42.8 ಅಂತ ಇರ್ತದೆ, ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. 65 ಕೆಜಿ ಗಂಡಾಳು ಅದನ್ನ ಕುಡ್ದು ಮುಗಿಸಿದ್ರೆ ರಕ್ತದಲ್ಲಿ ಅಂದಾಜು 130-140 ಮಿಲಿಗ್ರಾಂ ತನಕ ಏರ್ತದೆ. ಲಿವರ್ ಗಂಟೆಗೆ ಇಳಿಸೂದು 15ರ ಆಸುಪಾಸು, ಜಾಸ್ತಿ ಇಲ್ಲ. ರಾತ್ರಿ 11ಕ್ಕೆ ಗ್ಲಾಸ್ ಇಟ್ರೆ ಬೆಳಿಗ್ಗೆ 6ಕ್ಕೆ ಇನ್ನೂ 30ರ ಹತ್ರ, ಸೊನ್ನೆ ಆಗೂದು 8ರ ಮೇಲೆ. ಒಂದೇ ಕ್ವಾರ್ಟರಿಗೆ ಇದು ಲೆಕ್ಕ. ಮದುವೆಮನೇಲಿ ಒಂದಕ್ಕೇ ನಿಲ್ಲಿಸಿದವ್ರನ್ನ ನಾ ಕಂಡದ್ದು ಕಮ್ಮಿ. ತಣ್ಣೀರು ಸ್ನಾನ, ಲಿಂಬು ಪಾನಕ, ಬ್ಲಾಕ್ ಕಾಫಿ, ಮಜ್ಜಿಗೆ ಯಾವುದೂ ಲಿವರಿನ ಕೆಲಸ ಓಡ್ಸೂದಿಲ್ಲ. ಲವಂಗ ಅಗಿದ್ರೆ ಸೆಕ್ಯುರಿಟಿಯವನ ಮೂಗಿಗೆ ಮೋಸ ಆಗ್ಬಹುದು, ಮಶಿನಿಗೆ ಆಗೂದಿಲ್ಲ.

ಕುಡೀದೆ ಬರೂ ನಂಬರ್

ಇದು ಸುಳ್ಳಲ್ಲ. 2025ರ ಜುಲೈಲಿ ಕೇರಳದ ಪಂದಳಂ ಡಿಪೋದಲ್ಲಿ ಸರ್ಕಾರಿ ಬಸ್ ಡ್ರೈವರುಗಳು ಊದಿದಾಗ ನಂಬರ್ ಬಂತು, ಅವ್ರು ಕುಡ್ದೇ ಇರ್ಲಿಲ್ಲ, ಯಾರೋ ತಂದ ಹಲಸಿನ ಹಣ್ಣು ತಿಂದಿದ್ರು. ಆಮೇಲೆ ಸೊನ್ನೆ ಬಂದವನೊಬ್ಬನಿಗೆ ಅದೇ ಹಣ್ಣು ತಿನ್ನಿಸಿ ಊದಿಸಿ ನೋಡಿದ್ರು, ಅವನಿಗೂ ನಂಬರ್ ಬಂತು. ಪೂರಾ ಹಣ್ಣಾಗಿ ಹುಳಿ ಬರೂ ಹಲಸಿನ ತೊಳೇಲಿ ಸಕ್ಕರೆ ಹುದುಗಿ ಸ್ವಲ್ಪ ಆಲ್ಕೋಹಾಲ್ ಆಗಿರ್ತದೆ. ಮೇ-ಜೂನಲ್ಲಿ ಶಿರಸಿ, ಸಿದ್ದಾಪುರ ಬದಿ ಬಕ್ಕೆ ಹಲಸು, ಅಂಬಲಿ ಹಲಸು ಅಂತ ಬೆಳಿಗ್ಗೆ ತಿಂಡಿಗೇ ಕೂರೂ ಮನೆ ಎಷ್ಟಿಲ್ಲ. ಎರಡನೇ ಊದುವಿಕೆ ಕೇಳಿ ಅಂದದ್ದು ಇದಕ್ಕೇ, ಹಲಸಿನದ್ದು ಬೇಗ ಇಳೀತದೆ.

ಇನ್ನೊಂದು ಅರಿಷ್ಟ, ಆಸವ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ಎಲ್ಲ ಹುದುಗಿಸಿ ಮಾಡೂ ಔಷಧಿ, ಅದರಲ್ಲಿ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರ್ತದೆ, ಬಾಟ್ಲಿ ಮೇಲೇ ಬರ್ದಿರ್ತಾರೆ. ಹೋಮಿಯೋಪತಿ ಹನಿಯೂ ಹಂಗೇ. ಬೆಳಿಗ್ಗೆ ತಗಂಡು ಡ್ಯೂಟಿಗೆ ಹೋಗೂದಾದ್ರೆ ವೈದ್ಯರ ಚೀಟಿ ಜೇಬಲ್ಲಿರ್ಲಿ, ಇಲ್ಲಾ ಸಾಯಂಕಾಲಕ್ಕೆ ಬದಲ್ಸ್ಕಳಿ. ಕೈಗೆ ಸ್ಯಾನಿಟೈಸರ್ ಹಚ್ಕಂಡು ಆರೂಕೆ ಮೊದಲು ಮಶಿನ್ ಹಿಡ್ಕಂಡ್ರೂ ತೊಂದರೆ.

ಇದೆಲ್ಲ ಉಸಿರಿನ ಟೆಸ್ಟಾಯ್ತು. ಮೂತ್ರದ ಟೆಸ್ಟಲ್ಲಿ ನಮ್ಮವ್ರಿಗೆ ದೊಡ್ಡ ಗಂಡಾಂತರ ಗಸಗಸೆ ಪಾಯಸ. ಗಸಗಸೆ ಅಫೀಮಿನ ಗಿಡದ್ದೇ ಬೀಜ, ಅದರ ಮೇಲೆ ಮಾರ್ಫಿನ್ ಅಂಶ ಅಂಟಿರ್ತದೆ, ಚೊಂಬುಗಟ್ಲೆ ಪಾಯಸ ಕುಡ್ದು ಮರುದಿನ ಟೆಸ್ಟಿಗೆ ಹೋದ್ರೆ ಓಪಿಯೇಟ್ ಪಾಸಿಟಿವ್ ಬರೂ ಸಾಧ್ಯತೆ ಉಂಟು. ಹಡಗಿಗೆ ಹೋಗೂಕೆ ಮೆಡಿಕಲ್ ಇದೆ, ಗಲ್ಫಿಗೆ ಮೆಡಿಕಲ್ ಇದೆ ಅಂದ್ರೆ ನಾಕೈದು ದಿನ ಮೊದಲಿಂದ ಪಾಯಸದ ಮನೆಗೆ ಹೋಗ್ಬೇಡಿ. ಅಮ್ಮ ಡಬ್ಬಿಗೆ ಗಸಗಸೆ ತುಂಬಿ ದುಬೈಗೆ ಕಳ್ಸೂದಂತೂ ಬೇಡವೇ ಬೇಡ, ಯುಎಇಯಲ್ಲಿ ಗಸಗಸೆಗೇ ನಿಷೇಧ. ಕೋಡೀನ್ ಇರೂ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಗುಳಿಗೆ, ಇವೂ ಅಲ್ಲಿ ನಿಯಂತ್ರಿತ ಔಷಧಿ, ಮೊದಲೇ ಅನುಮತಿ ಇಲ್ದೆ ಬ್ಯಾಗಿಗೆ ಹಾಕ್ಬೇಡಿ.

ಭಂಗಿ ಬಗ್ಗೆಯೂ ಒಂದು ಮಾತು. ಹೋಳಿ ಹಬ್ಬಕ್ಕೆ, ಶಿವರಾತ್ರಿಗೆ ಒಂದು ಲೋಟ ಭಂಗಿ ಪಾನಕ, ಅದು ಎನ್‌ಡಿಪಿಎಸ್ ಅನ್ನೂ ಮಾದಕವಸ್ತು ಕಾಯ್ದೆಗೆ ಬರೂದಿಲ್ಲ ಅಲ್ವಾ ಅಂತ ವಾದ ಮಾಡ್ತಾರೆ. 1985ರ ಆ ಕಾಯ್ದೇಲಿ ಗಾಂಜಾ ಅಂದ್ರೆ ಹೂವಿನ ತೆನೆ, ಬರೀ ಎಲೆ-ಬೀಜ ಬಿಟ್ಟಿದ್ದಾರೆ, ಅಷ್ಟು ಹೌದು. ಆದ್ರೆ ಟೆಸ್ಟ್ ಕಿಟ್ಟಿಗೆ ಎಲೆ ಯಾವುದು ಹೂವು ಯಾವುದು ಅಂತ ಗೊತ್ತಾಗೂದಿಲ್ಲ, ಒಂದೇ ಗಿಡ ಒಂದೇ ಅಂಶ. ಅಪರೂಪಕ್ಕೆ ಒಂದು ಸಲ ಆದ್ರೆ ಕೆಲವು ದಿನ, ದಿನಾ ಸೇದೂವ್ರಿಗೆ ತಿಂಗಳ ಮೇಲೂ ಮೂತ್ರದಲ್ಲಿ ಉಳೀತದೆ. ಗೋಕರ್ಣದಲ್ಲಿ ವೀಕೆಂಡ್ ಮಾಡಿ ಸೋಮವಾರ ಟೆಸ್ಟಿಗೆ ಹೋಗೂವ್ರು ಇದನ್ನ ಎರಡು ಸಲ ಓದಿ. ಗಾಂಜಾ ಸೇದಿದ್ದಕ್ಕೇ 27ನೇ ಸೆಕ್ಷನಲ್ಲಿ 6 ತಿಂಗಳ ತನಕ ಜೈಲು ಅಥ್ವಾ 10,000 ರೂಪಾಯಿ ತನಕ ದಂಡ, ಕೊಕೇನ್, ಹೆರಾಯಿನ್ ಆದ್ರೆ 1 ವರ್ಷ, 20,000.

ಮೂತ್ರದ ಟೆಸ್ಟಿಗೆ ಕರೆದ್ರೆ ಕೊಡೂಕೆ ಮೊದಲು ತಗಳ್ತಿರೂ ಔಷಧಿ ಪಟ್ಟಿ ಬರೆಸಿ. ಬಾಟ್ಲಿ ನಿಮ್ಮ ಕಣ್ಣ ಮುಂದೆ ಸೀಲ್ ಆಗ್ಬೇಕು, ಸೀಲ್ ಮೇಲೆ ನಿಮ್ಮ ಇನಿಶಿಯಲ್ ಇರ್ಬೇಕು. ಎರಡು ಬಾಟ್ಲಿ ಮಾಡ್ತೀರಾ ಕೇಳಿ, ಒಂದರಲ್ಲಿ ಪಾಸಿಟಿವ್ ಬಂದ್ರೆ ಇನ್ನೊಂದನ್ನ ಬೇರೆ ಲ್ಯಾಬಿಗೆ ಕಳ್ಸೂಕೆ. ಸೈಟಲ್ಲೇ ಪಟ್ಟಿ ಅದ್ದಿ ನೋಡೂ ಕಿಟ್ ಇದ್ಯಲ್ಲ, ಅದು ಅನುಮಾನ ಹೇಳ್ತದೆ, ಖಾತ್ರಿ ಹೇಳೂದಿಲ್ಲ. ಖಾತ್ರಿಗೆ ಲ್ಯಾಬಲ್ಲಿ ಯಾವ ಅಂಶ ಅಂತ ಬಿಡಿಸಿ ಗುರುತಿಸೂ ಟೆಸ್ಟ್, ಜಿಸಿ-ಎಂಎಸ್ ಅಥ್ವಾ ಎಲ್‌ಸಿ-ಎಂಎಸ್ ಆಗ್ಬೇಕು. ಬರೀ ಕಿಟ್ಟಿನ ಗೀಟು ನೋಡಿ ಕೆಲಸದಿಂದ ತೆಗೆದ್ರೆ "ಕನ್ಫರ್ಮೇಶನ್ ರಿಪೋರ್ಟ್ ಕೊಡಿ" ಅಂತ ಲಿಖಿತವಾಗಿ ಕೇಳಿ. ದೋಸ್ತನ ಮೂತ್ರ ತಗಂಡು ಹೋಗೂ ಐಡಿಯಾ ಬೇಡ, ಅದು ಮೋಸದ ಕೇಸು, ಮತ್ತೆ ದೋಸ್ತ ಹಿಂದಿನ ದಿನ ಎಂತ ಮಾಡಿದ್ದಾನೆ ಅಂತ ನಿಮ್ಗೆ ಗೊತ್ತಿರೂದಿಲ್ಲ.

ಆಮೇಲೆ

ಆ ದಿನ ಒಳಗೆ ಬಿಡೂದಿಲ್ಲ, ಮನೆಗೆ ಕಳಿಸ್ತಾರೆ. ಅದು ಸರಿಯೇ, ಸುರಕ್ಷತೆ ವಿಷಯ, ಅದಕ್ಕೆ ಜಗಳ ಮಾಡ್ಬೇಡಿ. ಜಗಳ ಮಾಡ್ಬೇಕಾದದ್ದು "ನಾಳೆಯಿಂದ ಬರ್ಬೇಡ" ಅಂತ ಬಾಯಿಮಾತಲ್ಲಿ ಹೇಳಿದ್ರೆ. ದುರ್ನಡತೆ ಅಂತ ತೆಗೀಬೇಕಾದ್ರೆ ಚಾರ್ಜ್‌ಶೀಟ್ ಕೊಡ್ಬೇಕು, ಉತ್ತರಕ್ಕೆ ಟೈಮ್ ಕೊಡ್ಬೇಕು, ವಿಚಾರಣೆ ಆಗ್ಬೇಕು, ಊದಿಸಿದವನನ್ನ ನೀವು ಪ್ರಶ್ನೆ ಕೇಳೂಕೆ ಬಿಡ್ಬೇಕು. ಮಶಿನ್ ತಾರೀಕು, ಎರಡನೇ ಊದುವಿಕೆ, ಖಾಲಿ ಕಾಗದ ಎಲ್ಲ ಅಲ್ಲಿ ಉಪಯೋಗಕ್ಕೆ ಬರೂದು. ಸಸ್ಪೆಂಡ್ ಮಾಡಿದ್ರೆ ಸ್ಟ್ಯಾಂಡಿಂಗ್ ಆರ್ಡರ್ ಇರೂ ಕಡೆ ಮೊದಲ 90 ದಿನ ಅರ್ಧ ಸಂಬಳ, ತಡ ನಿಮ್ಮಿಂದ ಆಗಿಲ್ಲ ಅಂದ್ರೆ ಆಮೇಲೆ 75 ಪರ್ಸೆಂಟ್. ಅಂಗಡಿ, ಹೋಟೆಲ್, ರೆಸಾರ್ಟ್, ಆಫೀಸಿನವ್ರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಇದೆ, 6 ತಿಂಗಳು ಸತತ ಕೆಲ್ಸ ಮಾಡಿದವ್ರನ್ನ ಸರಿಯಾದ ಕಾರಣ ಮತ್ತೆ ಒಂದು ತಿಂಗಳ ನೋಟಿಸ್ ಇಲ್ದೆ ತೆಗೆಯೂ ಹಂಗಿಲ್ಲ, ದುರ್ನಡತೆ ಅಂತಾದ್ರೆ ವಿಚಾರಣೇಲಿ ಸಾಕ್ಷಿ ದಾಖಲಾಗ್ಬೇಕು.

"ಬಾಯಿ ವಾಸನೆ ಬರ್ತಿತ್ತು" ಅನ್ನೂ ಒಂದೇ ಸಾಲಿನ ರಿಪೋರ್ಟ್ ಬಂದ್ರೆ 1971ರ ಬಚ್ಚೂಭಾಯಿ ಕರ್ಯಾನಿ ಕೇಸ್ ನೆನಪಿಟ್ಕಳಿ. ಅದು ಗಾಡಿ ಅಪಘಾತದ ಕೇಸು. ವಾಸನೆ, ತೂರಾಟ, ತೊದಲು, ಅಗಲ ಆದ ಕಣ್ಣು ಪಾಪೆ ಇಷ್ಟರಿಂದ್ಲೇ ಕುಡಿದಿದ್ದ ಅಂತ ಹೇಳೂಕಾಗೂದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಆದ್ರೆ ಕಂಪನಿ ವಿಚಾರಣೇಲಿ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಸಾಕ್ಷಿ ಬೇಕಂತಿಲ್ಲ, ಈ ತೀರ್ಪು ತೋರ್ಸಿದ ಕೂಡ್ಲೆ ಕೆಲ್ಸ ವಾಪಸ್ ಅಂತ ತಿಳ್ಕಬೇಡಿ. ಪ್ರೈವಸಿ ವಾದವೂ ಹಂಗೇ. 2017ರಲ್ಲಿ ಪುಟ್ಟಸ್ವಾಮಿ ಕೇಸಲ್ಲಿ ಒಂಬತ್ತು ಜಡ್ಜರು ಖಾಸಗಿತನ ಮೂಲಭೂತ ಹಕ್ಕು ಅಂದ್ರು, ಆ ಪುಟ್ಟಸ್ವಾಮಿ ನಮ್ಮದೇ ಹೈಕೋರ್ಟಿನ ನಿವೃತ್ತ ಜಡ್ಜಾಗಿದ್ರು. ಆದ್ರೆ 2023ರ ಡೇಟಾ ಕಾಯ್ದೇಲಿ ಉದ್ಯೋಗದ ಕಾರಣಕ್ಕೆ ಒಪ್ಪಿಗೆ ಇಲ್ದೇನೂ ಮಾಹಿತಿ ಬಳಸೂಕೆ ಮಾಲೀಕರಿಗೆ ದಾರಿ ಇಟ್ಟಿದ್ದಾರೆ. ಹಂಗಾಗಿ "ಟೆಸ್ಟೇ ಮಾಡ್ಬೇಡಿ" ಅನ್ನೂಕಿಂತ "ನನ್ನ ರಿಸಲ್ಟ್ ನೋಟಿಸ್ ಬೋರ್ಡಿಗೆ, ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ" ಅನ್ನೂ ವಾದಕ್ಕೆ ಜಾಸ್ತಿ ತೂಕ.

ತೆಗೆದೇ ಬಿಟ್ರೆ ಕಾರವಾರದಲ್ಲಿ ಕಾರ್ಮಿಕ ಅಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಕೂಡ್ಲೆ ಕೊಡಿ, ಮುಂದಿನ ಗಣಪತಿ ಹಬ್ಬ ಕಳೀಲಿ ಅಂತ ಕೂರ್ಬೇಡಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಕಾನೂನು ಸೇವಾ ಪ್ರಾಧಿಕಾರ, 15100ಕ್ಕೆ ಫೋನ್ ಮಾಡಿ. 1987ರ ಆ ಕಾಯ್ದೇಲಿ ಉಚಿತ ವಕೀಲರು ಸಿಗೂ ಪಟ್ಟೀಲಿ ಹೆಂಗಸರು, ಎಸ್‌ಸಿ-ಎಸ್‌ಟಿಯವ್ರ ಜೊತೆ ಕೈಗಾರಿಕಾ ಕಾರ್ಮಿಕರೂ ಇದ್ದಾರೆ.

ಮತ್ತೊಂದು, ಕಹಿ ವಿಷಯ. ಕೆಲಸದಲ್ಲಿ ಪೆಟ್ಟಾದಾಗ ಕುಡಿದಿದ್ದೇ ಕಾರಣ ಅಂತ ಸಾಬೀತಾದ್ರೆ ಮಾಲೀಕ ಪರಿಹಾರ ಕೊಡ್ಬೇಕಂತಿಲ್ಲ. ಆದ್ರೆ ಸಾವು ಅಥ್ವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದ್ರೆ ಈ ನೆಪ ನಡೆಯೂದಿಲ್ಲ, ಕೊಡ್ಲೇಬೇಕು. 1923ರ ಪರಿಹಾರ ಕಾಯ್ದೆಯಿಂದ ಬಂದ ನಿಯಮ ಇದು. "ನಿನ್ನ ಗಂಡ ಕುಡಿದಿದ್ದ, ಏನೂ ಸಿಗೂದಿಲ್ಲ" ಅಂತ ಹೆಣದ ಮುಂದೆ ಹೇಳಿ ಹೆಬ್ಬೆಟ್ಟು ಒತ್ತಿಸ್ಕಳೂಕೆ ಬರೂವ್ರನ್ನ ನಾ ನೋಡಿದ್ದೇನೆ. ಒತ್ಬೇಡಿ ತಂಗೀ.

ಊರು ಬಿಟ್ಟು ಹೋಗೂವ್ರಿಗೆ

ಗೋವಾಕ್ಕೆ ದಿನಾ ಹೋಗಿ ಬರೂವ್ರಿಗೆ ಹೊಸದೇನಿಲ್ಲ, ರಸ್ತೆ ಮೇಲೆ ಅದೇ 30. ಮಾರ್ಚ್-ಏಪ್ರಿಲಲ್ಲಿ ಉರಾಕ್ (ಗೇರುಹಣ್ಣಿನ ಸಾರಾಯಿ) ಜ್ಯೂಸಿನ ಹಂಗೆ ಇಳೀತದೆ, ಮಶಿನಲ್ಲಿ ಜ್ಯೂಸ್ ಅಂತ ಬರೂದಿಲ್ಲ ಅಷ್ಟೇ. ಬಾಟ್ಲಿ ಬ್ಯಾಗಲ್ಲಿ ಹಾಕ್ಕಂಡು ಮಾಜಾಳಿ ಚೆಕ್‌ಪೋಸ್ಟ್ ದಾಟೂದು ಬೇರೆ ಕಾಯ್ದೆ, ಬೇರೆ ತಲೆನೋವು.

ಮೀನಿನ ಗಾಡಿ ತಗಂಡು ಗುಜರಾತಿಗೆ ಹೋಗೂ ಡ್ರೈವರು, ವೆರಾವಲ್ ಬದಿ ಬೋಟಿಗೆ ಹೋಗೂವ್ರು ಹುಷಾರು. ಅಲ್ಲಿ ಪರ್ಮಿಟ್ ಇಲ್ದೆ ಕುಡಿಯೂದೇ ಅಪರಾಧ, ರಕ್ತದಲ್ಲಿ 0.05 ಪರ್ಸೆಂಟ್ ಮುಟ್ಟಿದ್ರೆ ಕುಡಿದಿಲ್ಲ ಅಂತ ಸಾಬೀತು ಮಾಡೂ ಹೊರೆ ನಿಮ್ಮ ಮೇಲೆ. ಬಿಹಾರದಲ್ಲೂ 2016ರ ಏಪ್ರಿಲಿಂದ ಪೂರ್ತಿ ನಿಷೇಧ. ಇಲ್ಲಿ ಗೇಟಲ್ಲಿ ಸಿಕ್ರೆ ಮನೆಗೆ, ಅಲ್ಲಿ ಸಿಕ್ರೆ ಠಾಣೆಗೆ.

ಹಡಗಿನವ್ರಿಗೆ ಅಂತರಾಷ್ಟ್ರೀಯ ನಿಯಮ, 2012ರ ಜನವರಿ 1ರಿಂದ ರಕ್ತದಲ್ಲಿ 0.05 ಪರ್ಸೆಂಟ್ ಅಥ್ವಾ ಉಸಿರಲ್ಲಿ ಲೀಟರಿಗೆ 0.25 ಮಿಲಿಗ್ರಾಂ ಮಿತಿ. ಬಹಳ ಕಂಪನಿ, ಮುಖ್ಯವಾಗಿ ಟ್ಯಾಂಕರಿನವ್ರು, ಇದಕ್ಕಿಂತ ಬಿಗಿ.

ಶಿರಸಿ-ಯಲ್ಲಾಪುರ ಬದಿ ಮನೆಗೊಬ್ರು ಅಮೆರಿಕದಲ್ಲಿ ಇದ್ದಾರೆ, ಅವ್ರಿಗೂ ಎರಡು ಮಾತು. ಅಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ ಡ್ಯೂಟಿ ಹೊರಗೆ ಗಾಂಜಾ ಸೇದಿದ್ದಕ್ಕೆ, ಮೂತ್ರದಲ್ಲಿ ಅಥ್ವಾ ಕೂದಲಲ್ಲಿ ಅದರ ಹಳೇ ಅಂಶ ಸಿಕ್ಕಿದ್ದಕ್ಕೆ ಕೆಲ್ಸ ನಿರಾಕರಿಸೂ ಹಂಗಿಲ್ಲ, ಕಟ್ಟಡ ಕೆಲಸದಂಥ ಕೆಲವು ಹೊರತು. ನ್ಯೂಯಾರ್ಕಲ್ಲಿ 2021ರಿಂದ ಹೆಚ್ಚುಕಮ್ಮಿ ಗಾಂಜಾ ಟೆಸ್ಟೇ ಬಂದ್. ಟೆಕ್ಸಾಸಲ್ಲಿ ಮಾಲೀಕ ಹೇಳಿದ್ದೇ ವೇದ. ಟ್ರಕ್, ರೈಲು, ವಿಮಾನದವ್ರಿಗೆ ಮಾತ್ರ ಕೇಂದ್ರದ ನಿಯಮ, ರಾಜ್ಯ ಯಾವುದಾದ್ರೂ ಒಂದೇ, ಪಾಸಿಟಿವ್ ಅಂತ ತಿಳಿಸಿದ 72 ಗಂಟೇಲಿ ಎರಡನೇ ಬಾಟ್ಲಿ ಟೆಸ್ಟ್ ಕೇಳ್ಬಹುದು. ರಾಜ್ಯದಲ್ಲಿ ಲೀಗಲ್ ಅಂತ ವೀಸಾದವ್ರು ಸೇದೂಕೆ ಹೋಗ್ಬೇಡಿ, ಕೇಂದ್ರದ ಕಾನೂನಲ್ಲಿ ಅದಿನ್ನೂ ಅಪರಾಧವೇ, ಒಪ್ಕಂಡ್ರೆ ವೀಸಾಕ್ಕೇ ಪೆಟ್ಟು.

ನಾಲ್ಕು ಗಾಡಿ ಇಟ್ಕಂಡ ಮಾಲೀಕರಿಗೆ

ಹೋಂಸ್ಟೇ, ಟ್ರಾವೆಲ್ಸ್, ಅಡಿಕೆ ವ್ಯಾಪಾರ ಮಾಡೂವ್ರು ನನ್ನ ಹತ್ರ ಕೇಳ್ತಾರೆ, ಆನ್‌ಲೈನಲ್ಲಿ ಒಂದು ಮಶಿನ್ ತರ್ಸಿದ್ರೆ ಸಾಕಾ ಅಂತ. ಸಾಕಾಗೂದಿಲ್ಲ. ಒಂದು ಪುಟ ಕನ್ನಡದಲ್ಲಿ ಬರೀರಿ, ಯಾರಿಗೆ ಟೆಸ್ಟು, ಯಾವಾಗ, ಮಿತಿ ಎಷ್ಟು, ಎರಡನೇ ಸಲ ಊದೂ ಅವಕಾಶ, ಬಂದ್ರೆ ಎಂತ ಆಗ್ತದೆ. ಕೆಲ್ಸಕ್ಕೆ ಸೇರೂವಾಗ್ಲೇ ಸೈ ತಗಳಿ. ಊದ್ಸಿದ್ರೆ ಎಲ್ಲರನ್ನೂ ಊದ್ಸಿ, ನಿಮ್ಮ ಭಾವನನ್ನೂ, ಇಲ್ಲಾ ಚೀಟಿ ಎತ್ತಿ. ಸಿಟ್ಟಿದ್ದವನನ್ನ ಮಾತ್ರ ಊದ್ಸಿದ್ರೆ ನಾಳೆ ಲೇಬರ್ ಕೋರ್ಟಲ್ಲಿ ನಿಮ್ಮ ಮಾತಿಗೆ ಬೆಲೆ ಇರೂದಿಲ್ಲ. ಮತ್ತೆ ನಂಬರ್ ಬಂದವನ ಕೈಗೇ ಬೈಕಿನ ಕೀಲಿ ಕೊಟ್ಟು ಮನೆಗೆ ಕಳ್ಸಬೇಡಿ, ಇದು ಆಗಿದೆ, ನಾ ಕಂಡಿದ್ದೇನೆ, ಗಾಡಿ ಓಡ್ಸೂಕೆ ಅನ್‌ಫಿಟ್ ಅಂತ ಬರ್ಕಂಡು ಅದೇ ಗೇಟಿಂದ ಬೈಕ್ ಹತ್ತಿಸಿ ಕಳ್ಸಿದ್ರು.

ದಿನಾ ಬೇಕೇ ಬೇಕು ಅನ್ನೂ ಹಂತಕ್ಕೆ ಹೋದವ್ರಿಗೆ ಇದು ಶಿಸ್ತಿನ ವಿಷಯ ಅಲ್ಲ, ಕಾಯಿಲೆ. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಕುಡಿತ, ಡ್ರಗ್ಸಿಂದ ಬರೂ ಸಮಸ್ಯೆಯನ್ನೂ ಸೇರ್ಸಿದ್ದಾರೆ, ಚಿಕಿತ್ಸೆ ವಿವರ ಗುಟ್ಟಾಗಿ ಇಡೂದು ಹಕ್ಕು. ಡ್ರಗ್ಸ್ ಚಟದವ ತಾನಾಗೇ ಚಿಕಿತ್ಸೆಗೆ ಹೋದ್ರೆ ಎನ್‌ಡಿಪಿಎಸ್‌ನ 64ಎ ಸೆಕ್ಷನಲ್ಲಿ ಸೇವನೆ, ಸಣ್ಣ ಪ್ರಮಾಣದ ಕೇಸಿಂದ ರಕ್ಷಣೆ ಇದೆ, ಆದ್ರೆ ಚಿಕಿತ್ಸೆ ಪೂರ್ತಿ ಮಾಡ್ಬೇಕು. 14446 ಚಟ ಬಿಡ್ಸೂ ಸಹಾಯವಾಣಿ, 14416 ಟೆಲಿ ಮಾನಸ್, ಎರಡೂ ಫ್ರೀ.

ನಮ್ಮ ಹುಡುಗನದ್ದು ಹೇಳೂದು ಬಿಟ್ಟೆ. ಬಾಯಿ ತೊಳೆದು 25 ನಿಮಿಷ ಬಿಟ್ಟು ಊದಿದ, 0.13 ಬಂತು, ಅಂದ್ರೆ 27. ಅವ್ರ ಪಾಲಿಸೀಲಿ ಮಿತಿ 30 ಅಂತಿತ್ತು, ಸೊನ್ನೆ ಅಂತಿದ್ರೆ ಕತೆ ಬೇರೆ. ಎರಡೂ ನಂಬರ್ ಕಾಗದದಲ್ಲಿ ಬರೆಸಿ, ಖಾಲಿ ಜಾಗಕ್ಕೆ ಗೀಟು ಎಳೆದು ಸೈ ಹಾಕಿದ. ಒಂದು ದಿನದ ಪಗಾರ ಹೋಯ್ತು, ಒಂದು ಎಚ್ಚರಿಕೆ ಪತ್ರ ಬಂತು. ಪತ್ರ ತಂದು ನನ್ನ ಹತ್ರ ಓದ್ಸಿದ, ಅದರಲ್ಲಿ ಅವನ ಹೆಸರು ತಪ್ಪಾಗಿತ್ತು, ಅದನ್ನೂ ತಿದ್ದಿಸ್ಕಂಡು ಬಾ ಅಂತ ಕಳ್ಸಿದ್ದೇನೆ.